ವಡೆ ಮನೆಯಲ್ಲೇ ಕರಿಯಿರಿ, ಎಣ್ಣೆಯ ಲೆಕ್ಕ ಇಡಿ

ರಮಝಾನ್‌ನ ಎರಡನೆಯ ವಾರ ಬಂತೆಂದರೆ ಬೇಡಕಿಹಾಳದ ನನ್ನ ದವಾಖಾನೆಗೆ ಬರುವವರ ದೂರು ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತದೆ. ಎದೆಯುರಿ, ಹುಳಿ ತೇಗು, ಹೊಟ್ಟೆ ಉಬ್ಬರ, ರಾತ್ರಿ ನಿದ್ದೆಯಿಲ್ಲ. ಉಪವಾಸ ಹಿಡಿದದ್ದಕ್ಕೆ ಹೀಗಾಯಿತು ಎಂದು ಹಲವರು ಹೇಳುತ್ತಾರೆ. ಇಫ್ತಾರ್‌ಗೆ ಏನು ತಿಂದಿರಿ ಎಂದು ಕೇಳಿದರೆ ಭಜಿ, ವಡೆ, ಸಮೋಸಾ ಎಂಬ ಪಟ್ಟಿ ಬರುತ್ತದೆ. ಕರಿದ ಎಣ್ಣೆ ಯಾವಾಗಿನದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಮೌನ. ಕಡೆಗೆ ಸಿಗುವ ಉತ್ತರ ಹೀಗಿರುತ್ತದೆ: ಚಂದ್ರ ಕಂಡ ದಿನ ಹಾಕಿದ್ದು, ಕಡಿಮೆಯಾದ ಹಾಗೆ ಮೇಲೆ ಸೇರಿಸುತ್ತಾ ಬಂದಿದ್ದೇವೆ.

ಕರಿದದ್ದನ್ನು ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಬಿಡುವುದಿಲ್ಲ. ಬೇಳೆಯ ವಡೆ ನಮ್ಮ ನಾಡಿನ ಬಹಳ ಹಳೆಯ ತಿನಿಸು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲೇ ಉದ್ದಿನ ವಡೆಯ ಪ್ರಸ್ತಾಪವಿದೆ. ಅಷ್ಟು ಕಾಲ ಬಾಳಿದ ತಿನಿಸಿನ ಮೇಲೆ ತಪ್ಪು ಹೊರಿಸುವ ಮೊದಲು ಅದನ್ನು ಕರಿಯುವ ಎಣ್ಣೆ, ಅದಕ್ಕೆ ಬಳಸುವ ಹಿಟ್ಟು ಮತ್ತು ತಿನ್ನುವ ಹೊತ್ತನ್ನು ನೋಡಬೇಕು. ಈ ಮೂರೂ ಮನೆಯಲ್ಲಿ ನಿಮ್ಮ ಕೈಯಲ್ಲಿರುತ್ತವೆ, ಅಂಗಡಿಯಲ್ಲಿ ಇರುವುದಿಲ್ಲ. ಆದ್ದರಿಂದಲೇ ವಡೆಯನ್ನು ಮನೆಯಲ್ಲೇ ಮಾಡಿ ಎಂಬುದು ನನ್ನ ಸಲಹೆ.

ಎಣ್ಣೆಗೆ ಏನಾಗುತ್ತದೆ?

ಎಣ್ಣೆಯನ್ನು ಕಾಯಿಸಿ ಅದರೊಳಗೆ ಹಸಿ ಹಿಟ್ಟು ಬಿಟ್ಟಾಗ ಮೂರು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಹಿಟ್ಟಿನ ನೀರು ಎಣ್ಣೆಯನ್ನು ಒಡೆಯುತ್ತದೆ, ಗಾಳಿ ಅದನ್ನು ಕೆಡಿಸುತ್ತದೆ, ಶಾಖ ಅದನ್ನು ದಪ್ಪಗೆ ಅಂಟಂಟು ಮಾಡುತ್ತದೆ. ಒಮ್ಮೆ ಕರಿದಾಗ ಇದು ಅಲ್ಪ ಪ್ರಮಾಣದಲ್ಲಿರುತ್ತದೆ. ಅದೇ ಎಣ್ಣೆಯನ್ನು ಆರಿಸಿ, ಮರುದಿನ ಮತ್ತೆ ಕಾಯಿಸಿ, ಮತ್ತೆ ಆರಿಸಿದಾಗ ಕೆಟ್ಟ ಅಂಶಗಳು ದಿನದಿನಕ್ಕೆ ಕೂಡುತ್ತಾ ಹೋಗುತ್ತವೆ. ಇವುಗಳನ್ನು ಅಳೆಯುವ ಒಂದು ಮಾಪನವಿದೆ, ಟೋಟಲ್ ಪೋಲಾರ್ ಕಾಂಪೌಂಡ್ಸ್ ಎನ್ನುತ್ತಾರೆ. ಇದು ಶೇಕಡಾ 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಎಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಮಾಡಿದ ನಿಯಮ ಇದು. ಅದೇ ವರ್ಷ, ಕರಿದು ಮಿಕ್ಕ ಎಣ್ಣೆಯನ್ನು ಹೋಟೆಲ್‌ಗಳಿಂದ ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಯೋಜನೆಯನ್ನೂ ಪ್ರಾಧಿಕಾರ ಆರಂಭಿಸಿತು. ವಾಹನಕ್ಕೆ ಹೋಗಬೇಕಾದ ಎಣ್ಣೆ ಹೊಟ್ಟೆಗೆ ಹೋಗದಿರಲಿ ಎಂಬುದೇ ಅದರ ಉದ್ದೇಶ.

ಅಳೆಯುವ ಯಂತ್ರ ನಿಮ್ಮ ಮನೆಯಲ್ಲಿರುವುದಿಲ್ಲ, ಆದರೆ ಕಣ್ಣು ಮೂಗು ಇವೆ. ಎಣ್ಣೆ ಕಪ್ಪಾಗಿದ್ದರೆ, ಬೆರಳಿಗೆ ಜಿಗುಟಾಗಿ ಹತ್ತಿದರೆ, ಕಾಯಿಸಿದಾಗ ಮೇಲೆ ನೊರೆ ಎದ್ದು ಇಳಿಯದೆ ನಿಂತರೆ, ಸಣ್ಣ ಉರಿಗೇ ಹೊಗೆಯಾಡಿದರೆ ಅದರ ಆಯುಷ್ಯ ಮುಗಿದಿದೆ. ಹಳೆಯ ಎಣ್ಣೆಯ ಮೇಲೆ ಹೊಸದನ್ನು ಸುರಿದರೆ ಹಳೆಯದು ಸುಧಾರಿಸುವುದಿಲ್ಲ, ಹೊಸದೂ ಬೇಗ ಕೆಡುತ್ತದೆ. ಹಳೆಯ ಮೊಸರಿನ ಹೆಪ್ಪು ಹೊಸ ಹಾಲಿಗೆ ಬಿದ್ದಂತೆ ಎಂದರೆ ಗೃಹಿಣಿಯರಿಗೆ ತಕ್ಷಣ ಅರ್ಥವಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಮ್ಮೆ ಕರಿಯಲು ಬಳಸಿದ ಎಣ್ಣೆಯನ್ನು ಸೋಸಿ ಪಲ್ಯ, ಸಾರಿಗೆ ಬಳಸಬಹುದು, ಅದೂ ಒಂದೆರಡು ದಿನದೊಳಗೆ. ಮತ್ತೆ ಕರಿಯಲು ಬಳಸಬಾರದು.

ಇದನ್ನು ಹೇಳಿದಾಗ, ಹಗಲು ಹೊಲದ ಕೆಲಸ ಮಾಡಿ ಸಂಜೆ ಭಜಿ ಮಾರುವ ಒಬ್ಬ ತಾಯಿ ನನಗೆ ನೇರವಾಗಿ ಕೇಳಿದರು: "ಡಾಕ್ಟರ್ ಸಾಹೇಬ್ರ, ಎಣ್ಣಿ ರೇಟ್ ನಿಮಗ ಗೊತ್ತೈತಿಲ್ರಿ? ದಿನಾ ಚೆಲ್ಲಂದ್ರ ಹೆಂಗ್ರಿ?" ಪ್ರಶ್ನೆ ನ್ಯಾಯವಾದದ್ದು. ಎಣ್ಣೆ ಉಳಿಸುವುದು ಬಡತನದ ಲೆಕ್ಕ, ಅಜ್ಞಾನ ಅಲ್ಲ. ಅವರ ವ್ಯಾಪಾರದ ಲೆಕ್ಕವನ್ನು ನಾನು ಬಗೆಹರಿಸಲಾರೆ, ಆದರೆ ಮನೆಯ ಮಟ್ಟಿಗೆ ಉತ್ತರ ಇದೆ, ಅದು ಪಾತ್ರೆಯಲ್ಲಿದೆ. ಅಗಲವಾದ ಕಡಾಯಿಗೆ ಒಂದು ಲೀಟರ್ ಎಣ್ಣೆ ಬೇಕು. ತಳ ಕಿರಿದಾದ, ಆಳವಿರುವ ಸಣ್ಣ ಬಾಣಲೆಗೆ 300ರಿಂದ 400 ಮಿಲಿ ಸಾಕು. ಒಂದು ಸಲಕ್ಕೆ ಮೂರು ನಾಲ್ಕು ವಡೆ ಮಾತ್ರ ಬೇಯುತ್ತವೆ, ಹೊತ್ತು ಹೆಚ್ಚು ಹಿಡಿಯುತ್ತದೆ ನಿಜ. ಆದರೆ ಕೊನೆಗೆ ಉಳಿಯುವ ಎಣ್ಣೆ ಎರಡು ದಿನದ ಒಗ್ಗರಣೆಯಲ್ಲಿ ಮುಗಿದುಹೋಗುತ್ತದೆ, ಚೆಲ್ಲುವ ಪ್ರಶ್ನೆಯೇ ಬರುವುದಿಲ್ಲ.

ಯಾವ ಎಣ್ಣೆ ಎಂದು ಬಹಳ ಜನ ಕೇಳುತ್ತಾರೆ. ನಮ್ಮ ಭಾಗದ ಹಳೆಯ ಎಣ್ಣೆಗಳು ಎರಡು, ಶೇಂಗಾ ಮತ್ತು ಕುಸುಬಿ. ಎರಡೂ ಒಳ್ಳೆಯವೇ. ಆದರೆ ಕರಿಯಲು ಶೇಂಗಾ ಎಣ್ಣೆ ಮೇಲು, ಶಾಖವನ್ನು ಅದು ಹೆಚ್ಚು ತಡೆಯುತ್ತದೆ. ಕುಸುಬಿ ಎಣ್ಣೆಯಲ್ಲಿರುವ ಕೊಬ್ಬಿನ ಬಗೆ ಬಹಳ ಸೂಕ್ಷ್ಮ, ಕರಿಯುವ ಉರಿಗೆ ಬೇಗ ಕೆಡುತ್ತದೆ. ಅದನ್ನು ಒಗ್ಗರಣೆಗೆ, ಚಟ್ನಿಪುಡಿಯ ಮೇಲೆ ಹಾಕಿಕೊಳ್ಳಲು ಇಟ್ಟುಕೊಳ್ಳಿ. ಗಾಣದ ಎಣ್ಣೆ ಬಳಸುವವರು ಒಂದು ಮಾತು ಗಮನಿಸಿ: ಅದು ರಿಫೈನ್ಡ್ ಎಣ್ಣೆಗಿಂತ ಕಡಿಮೆ ಶಾಖಕ್ಕೇ ಹೊಗೆಯಾಡುತ್ತದೆ, ಉರಿ ಹದದಲ್ಲಿರಲಿ. ಡಾಲ್ಡಾದಂಥ ವನಸ್ಪತಿಯಲ್ಲಿ ಕರಿಯುವುದು ಬೇಡ. ಇಂಥ ಕೊಬ್ಬಿನಲ್ಲಿ ಟ್ರಾನ್ಸ್ ಫ್ಯಾಟ್ ಶೇಕಡಾ 2ಕ್ಕಿಂತ ಹೆಚ್ಚಿರಬಾರದೆಂದು 2022ರಿಂದ ನಿಯಮವಿದೆ, ಆದರೂ ಹೃದಯದ ತೊಂದರೆ ಇರುವ ಮನೆಗೆ ಅದು ತಕ್ಕದ್ದಲ್ಲ.

ಹಿಟ್ಟು ಕೊಳ್ಳಬೇಡಿ, ಬೇಳೆ ಕೊಳ್ಳಿ

ಬಿಡಿಯಾಗಿ ಮಾರುವ ಕಡಲೆಹಿಟ್ಟಿನಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅಗ್ಗದ ಬಟಾಣಿ ಹಿಟ್ಟು ಬೆರೆಸಿದರೆ ದುಡ್ಡು ಹೋಯಿತು ಅಷ್ಟೆ. ಕೇಸರಿ ಬೇಳೆ ಬೆರೆತರೆ ಮಾತು ಬೇರೆ. ಮಹಾರಾಷ್ಟ್ರದ ಕಡೆ ಇದನ್ನು ಲಾಖ ಎನ್ನುತ್ತಾರೆ. ಈ ಬೇಳೆಯಲ್ಲಿ ನರಗಳಿಗೆ ವಿಷವಾಗುವ ಅಂಶವಿದೆ. ತಿಂಗಳುಗಟ್ಟಲೆ ಇದನ್ನೇ ಮುಖ್ಯ ಆಹಾರವಾಗಿ ತಿಂದವರಿಗೆ ಎರಡೂ ಕಾಲು ಬಿಗಿದು ನಡೆಯಲಾರದ ಸ್ಥಿತಿ ಬರುತ್ತದೆ, ಬಂದ ಮೇಲೆ ಗುಣವಾಗುವುದಿಲ್ಲ. ಇದೇ ಕಾರಣಕ್ಕೆ 1961ರಲ್ಲಿ ಇದರ ಮಾರಾಟವನ್ನು ನಿಷೇಧಿಸಲಾಯಿತು. ಒಂದು ತಟ್ಟೆ ಭಜಿಯಿಂದ ಈ ರೋಗ ಬರುವುದಿಲ್ಲ, ಹೆದರಬೇಡಿ. ಆದರೆ ಕಲಬೆರಕೆ ಎಂಬುದು ಒಂದು ತಟ್ಟೆಗೆ ನಿಲ್ಲುವ ಸಂಗತಿಯಲ್ಲ.

ಪರಿಹಾರ ಸುಲಭ. ಇಡೀ ಬೇಳೆ ತನ್ನಿ. ಮೊರದಲ್ಲಿ ಹಾಕಿ ನೋಡಿ. ಕಡಲೆಬೇಳೆಯ ಒಂದು ಬದಿ ಗುಂಡಗೆ, ಇನ್ನೊಂದು ಬದಿ ಚಪ್ಪಟೆ ಇರುತ್ತದೆ. ಕೇಸರಿ ಬೇಳೆ ಮೂಲೆಗಳುಳ್ಳದ್ದು, ಒಂದು ಕಡೆ ಓರೆಯಾಗಿ ಇಳಿದು ಬೆಣೆಯಂತೆ ಕಾಣುತ್ತದೆ. ಬೆಚ್ಚಗಿನ ನೀರಿನಲ್ಲಿ ತಿಕ್ಕಿದಾಗ ನೀರು ಗಾಢ ಹಳದಿಯಾದರೆ ಬಣ್ಣ ಹಾಕಿದ್ದಾರೆಂದು ಅನುಮಾನಿಸಿ, ಆ ಅಂಗಡಿ ಬಿಡಿ. ಭಜಿಗೆ ಹಿಟ್ಟು ಬೇಕೆಂದರೆ ಆರಿಸಿದ ಬೇಳೆಯನ್ನು ಊರಿನ ಗಿರಣಿಗೆ ಒಯ್ದು ಬೀಸಿಸಿಕೊಂಡು ಬನ್ನಿ. ವಡೆಗಾದರೆ ಹಿಟ್ಟೇ ಬೇಡ, ನೆನೆಸಿ ರುಬ್ಬಿದರಾಯಿತು. ನನ್ನ ದೃಷ್ಟಿಯಲ್ಲಿ ಭಜಿಗಿಂತ ವಡೆ ಮೇಲು ಎನ್ನಲು ಇದೂ ಒಂದು ಕಾರಣ.

ಇನ್ನೊಂದು ಕಾರಣ ನೆನೆಸುವುದರಲ್ಲೇ ಇದೆ. ಬೇಳೆಯಲ್ಲಿ ನಮ್ಮ ಕರುಳು ಅರಗಿಸಲಾರದ ಕೆಲವು ಸಕ್ಕರೆ ಅಂಶಗಳಿವೆ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಅವನ್ನು ತಿಂದು ವಾಯು ಉಂಟುಮಾಡುತ್ತವೆ. ನೆನೆಸಿದ ನೀರನ್ನು ಚೆಲ್ಲಿದಾಗ ಅವುಗಳಲ್ಲಿ ಒಂದು ಪಾಲು ನೀರಿನೊಂದಿಗೆ ಹೋಗುತ್ತದೆ. ಆ ನೀರನ್ನು ರುಬ್ಬಲು ಬಳಸಬೇಡಿ. ಯುನಾನಿ ಪದ್ಧತಿಯಲ್ಲಿ ಪ್ರತಿ ಆಹಾರಕ್ಕೂ ಒಂದು ಮಿಝಾಜ್, ಜೊತೆಗೆ ಅದರ ತೊಂದರೆ ತಗ್ಗಿಸುವ ಒಂದು ಮುಸ್ಲಿಹ್ ಹೇಳಿರುತ್ತಾರೆ. ಉದ್ದು ಬಲ ಕೊಡುವಂಥದ್ದು, ಆದರೆ ಅರಗಲು ಭಾರ, ವಾಯುಕಾರಕ. ಅದಕ್ಕೆ ಮುಸ್ಲಿಹ್ ಶುಂಠಿ, ಕರಿಮೆಣಸು, ಇಂಗು. ಈಗ ನಮ್ಮ ಅಜ್ಜಿಯರು ಉದ್ದಿನ ವಡೆಗೆ ಹಾಕುತ್ತಿದ್ದದ್ದನ್ನು ನೆನಪಿಸಿಕೊಳ್ಳಿ: ಶುಂಠಿ, ಮೆಣಸು, ಇಂಗು. ಹಕೀಮರನ್ನು ಕೇಳಿ ಹಾಕಿದ್ದಲ್ಲ ಅದು. ಬೇಳೆಗಳಲ್ಲಿ ಹಗುರವಾದದ್ದು ಹೆಸರು. ವಯಸ್ಸಾದವರು, ಜೀರ್ಣಶಕ್ತಿ ಕಡಿಮೆ ಇರುವವರು ಇರುವ ಮನೆಯಲ್ಲಿ ಅರ್ಧ ಹೆಸರುಬೇಳೆ ಬೆರೆಸಿ ಮಾಡಿ.

ಕಡಲೆಬೇಳೆ ವಡೆ

200 ಗ್ರಾಂ ಕಡಲೆಬೇಳೆಯನ್ನು ಮೂರು ನಾಲ್ಕು ಸಲ ತೊಳೆದು ಎರಡರಿಂದ ಮೂರು ಗಂಟೆ ನೆನೆಸಿ. ರಾತ್ರಿಯಿಡೀ ಬೇಡ. ಹೆಚ್ಚು ನೆನೆದ ಬೇಳೆ ಹೆಚ್ಚು ನೀರು ಹಿಡಿಯುತ್ತದೆ, ನೀರು ಹೆಚ್ಚಿದ್ದಷ್ಟೂ ವಡೆ ಹೆಚ್ಚು ಎಣ್ಣೆ ಕುಡಿಯುತ್ತದೆ. ಜರಡಿಗೆ ಸುರಿದು ಕಾಲು ಗಂಟೆ ಬಿಡಿ, ನೀರೆಲ್ಲ ಬಸಿಯಲಿ. ಒಂದು ಮುಷ್ಟಿ ಬೇಳೆ ತೆಗೆದಿಟ್ಟು, ಉಳಿದದ್ದನ್ನು ನೀರು ಹಾಕದೆ ತರಿತರಿಯಾಗಿ ರುಬ್ಬಿ. ನಂತರ ತೆಗೆದಿಟ್ಟ ಬೇಳೆ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಎರಡು ಮೂರು ಹಸಿಮೆಣಸಿನಕಾಯಿ, ಒಂದು ಇಂಚು ಶುಂಠಿ, ಕರಿಬೇವು, ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಚಿಟಿಕೆ ಇಂಗು ಸೇರಿಸಿ. ಉಪ್ಪನ್ನು ಕಡೆಗೆ, ಕರಿಯುವ ಹೊತ್ತಿಗೆ ಹಾಕಿ. ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಟ್ಟು ಹಿಟ್ಟು ಸಡಿಲವಾಗುತ್ತದೆ. ಸಡಿಲವಾಯಿತೆಂದು ಮೈದಾ ಸುರಿಯಬೇಡಿ, ಒಂದು ಚಮಚ ಅಕ್ಕಿಹಿಟ್ಟು ಸಾಕು. ಅಂಗೈಯಲ್ಲಿ ಚಪ್ಪಟೆಯಾಗಿ ತಟ್ಟಿ. ಈ ಅಳತೆಗೆ ಸಣ್ಣ ವಡೆ ಸುಮಾರು 20 ಆಗುತ್ತವೆ.

ಸೋಡಾ ಹಾಕಬೇಡಿ. ಅದರಿಂದ ವಡೆಯಲ್ಲಿ ತೂತುಗಳು ಹೆಚ್ಚಾಗಿ ಸ್ಪಂಜಿನ ಹಾಗೆ ಎಣ್ಣೆ ಹೀರುತ್ತದೆ. ಬಿಪಿ ಇರುವವರಿಗೆ ಸೋಡಾದಲ್ಲಿರುವ ಸೋಡಿಯಂ ಉಪ್ಪಿನ ಲೆಕ್ಕಕ್ಕೇ ಸೇರುತ್ತದೆ ಎಂಬುದೂ ಗೊತ್ತಿರಲಿ.

ಉದ್ದಿನ ವಡೆ

ಇದಕ್ಕೆ ಸ್ವಲ್ಪ ಕೈಪಳಗಬೇಕು. ಉದ್ದಿನಬೇಳೆ ಎರಡು ಗಂಟೆ ನೆನೆದರೆ ಸಾಕು. ಪೂರ್ತಿ ಬಸಿದು, ಚಮಚದ ಲೆಕ್ಕದಲ್ಲಿ ತಣ್ಣೀರು ಚಿಮುಕಿಸುತ್ತಾ ನುಣ್ಣಗೆ ರುಬ್ಬಿ. ಮಿಕ್ಸರ್ ಬಿಸಿಯಾದರೆ ಹಿಟ್ಟು ಕೆಡುತ್ತದೆ, ನಡುನಡುವೆ ನಿಲ್ಲಿಸಿ. ಆಮೇಲೆ ಪಾತ್ರೆಗೆ ತೆಗೆದು ಕೈಯಿಂದ ಒಂದೇ ದಿಕ್ಕಿನಲ್ಲಿ ಐದು ನಿಮಿಷ ಚೆನ್ನಾಗಿ ಬಡಿಯಬೇಕು. ಸೋಡಾ ಮಾಡುವ ಕೆಲಸವನ್ನು ಇಲ್ಲಿ ಗಾಳಿ ಮಾಡುತ್ತದೆ. ಚೂರು ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಡಿ. ತೇಲಿದರೆ ಹದವಾಗಿದೆ, ಮುಳುಗಿದರೆ ಇನ್ನಷ್ಟು ಬಡಿಯಿರಿ. ಜಜ್ಜಿದ ಮೆಣಸು, ಶುಂಠಿ, ಇಂಗು, ಕರಿಬೇವು ಹಾಕಿ. ಉಪ್ಪು ಇಲ್ಲಿಯೂ ಕಡೆಗೆ.

ನಡುವಿನ ತೂತು ಚೆಂದಕ್ಕೆ ಮಾತ್ರ ಇರುವುದಲ್ಲ. ನುಣ್ಣಗಿನ ಹಿಟ್ಟಿನ ಮೇಲ್ಭಾಗ ಎಣ್ಣೆಗೆ ಬಿದ್ದೊಡನೆ ಗಟ್ಟಿಯಾಗುತ್ತದೆ, ಒಳಗಿನ ನೀರು ಆವಿಯಾಗಿ ಹೊರಬರಲು ದಾರಿ ಸಿಗದಿದ್ದರೆ ವಡೆ ಸಿಡಿಯುತ್ತದೆ. ಮುಖ, ಕಣ್ಣು, ಕೈ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ತೂತು ಇದ್ದರೆ ಆವಿಗೆ ದಾರಿ, ವಡೆಯ ನಡುಭಾಗಕ್ಕೂ ಶಾಖ ತಲುಪುತ್ತದೆ. ಇಡೀ ಮೆಣಸಿನಕಾಯಿ ಭಜಿ ಮಾಡುವವರೂ ಕಾಯಿಯನ್ನು ಸೀಳಿಯೇ ಬಿಡಬೇಕು, ಕಾರಣ ಇದೇ. ವಡೆ ತಟ್ಟುವ ಕೈ ಒದ್ದೆ ಇರಲಿ, ಆದರೆ ನೀರು ತೊಟ್ಟಿಕ್ಕಬಾರದು.

ಕರಿಯುವಾಗ

ಎಣ್ಣೆಯ ಶಾಖ 170ರಿಂದ 180 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಷ್ಟಾಯಿತೆಂದು ತಿಳಿಯಲು ಕಡಲೆಕಾಳಿನಷ್ಟು ಹಿಟ್ಟು ಬಿಡಿ. ತಳದಲ್ಲೇ ಕುಳಿತರೆ ಇನ್ನೂ ಕಾಯಬೇಕು. ಬಿದ್ದ ತಕ್ಷಣ ಕಂದಾದರೆ ಹೆಚ್ಚಾಗಿದೆ. ಗುಳ್ಳೆಗಳೊಂದಿಗೆ ನಿಧಾನವಾಗಿ ಮೇಲೆದ್ದರೆ ಸರಿ. ಕಾಯದ ಎಣ್ಣೆಗೆ ಹಾಕಿದ ವಡೆ ಎಣ್ಣೆ ಕುಡಿಯುತ್ತದೆ, ಹೆಚ್ಚು ಕಾದದ್ದಕ್ಕೆ ಹಾಕಿದರೆ ಹೊರಗೆ ಕಪ್ಪು, ಒಳಗೆ ಹಸಿ. ಬಾಣಲೆ ತುಂಬಾ ಒಮ್ಮೆಲೇ ವಡೆ ಬಿಟ್ಟರೂ ಶಾಖ ಇಳಿದು ಹೀಗೇ ಆಗುತ್ತದೆ. ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ, ಹೊಂಬಣ್ಣಕ್ಕೆ ಬಂದಾಗ ತೆಗೆಯಿರಿ. ಕಪ್ಪುಗಂದು ಬೇಡ. ಎಣ್ಣೆಯಲ್ಲಿ ಉಳಿದ ಚೂರುಗಳನ್ನು ಪ್ರತಿ ಸುತ್ತಿಗೂ ಜಾರಿಯಿಂದ ತೆಗೆದುಬಿಡಿ, ಸುಟ್ಟ ಚೂರುಗಳೇ ಎಣ್ಣೆಯನ್ನು ಬೇಗ ಕೆಡಿಸುತ್ತವೆ.

ತೆಗೆದ ವಡೆಯನ್ನು ಹಳೆಯ ಪತ್ರಿಕೆಯ ಮೇಲೆ ಹರಡುವ ಅಭ್ಯಾಸ ಮನೆಮನೆಯಲ್ಲಿದೆ. ಮುದ್ರಣದ ಶಾಯಿಯಲ್ಲಿ ಹಾನಿಕರ ರಾಸಾಯನಿಕಗಳಿರುತ್ತವೆ, ಬಿಸಿ ಎಣ್ಣೆಗೆ ಅವು ಬಿಟ್ಟುಕೊಳ್ಳುತ್ತವೆ. ಪತ್ರಿಕೆಯಲ್ಲಿ ತಿನಿಸು ಕಟ್ಟಬಾರದೆಂದು ಆಹಾರ ಪ್ರಾಧಿಕಾರ 2016ರಲ್ಲೇ ಎಚ್ಚರಿಸಿದೆ. ಸ್ಟೀಲಿನ ಜರಡಿಯ ಕೆಳಗೆ ತಟ್ಟೆ ಇಟ್ಟು ಅದರಲ್ಲಿ ಹಾಕಿ. ನೀವು ಓದುತ್ತಿರುವ ಈ ಮಾಸಿಕವನ್ನೂ ವಡೆಗೆ ಬಳಸಬೇಡಿ ಎಂದು ಸಂಪಾದಕರ ಪರವಾಗಿಯೂ ವಿನಂತಿ.

ಈಗ ಎಣ್ಣೆಯ ಲೆಕ್ಕ. ಕರಿಯುವ ಮೊದಲು ಎಣ್ಣೆಯನ್ನು ಅಳೆದು ಹಾಕಿ, ಮುಗಿದು ಆರಿದ ಮೇಲೆ ಮತ್ತೆ ಅಳೆಯಿರಿ. ಉದಾಹರಣೆಗೆ, 400 ಮಿಲಿ ಹಾಕಿ 320 ಉಳಿದರೆ, 20 ವಡೆ 80 ಮಿಲಿ ಕುಡಿದಿವೆ. ಒಂದಕ್ಕೆ 4 ಮಿಲಿ. ನಾಲ್ಕು ವಡೆ ತಿಂದವರ ಹೊಟ್ಟೆಗೆ 16 ಮಿಲಿ, ತೂಕದಲ್ಲಿ ಸುಮಾರು 15 ಗ್ರಾಂ ಎಣ್ಣೆ ಹೋಯಿತು. ಪೋಷಣ ಸಂಸ್ಥೆಯ ಮಾರ್ಗಸೂಚಿ 2000 ಕ್ಯಾಲೊರಿಯ ಊಟಕ್ಕೆ ಇಡೀ ದಿನಕ್ಕೆ ಹೇಳುವ ಎಣ್ಣೆ ಮತ್ತು ಕೊಬ್ಬು 27 ಗ್ರಾಂ. ಅರ್ಧಕ್ಕಿಂತ ಹೆಚ್ಚು ನಾಲ್ಕೇ ವಡೆಯಲ್ಲಿ ಮುಗಿಯಿತು, ಸಾರಿನ ಒಗ್ಗರಣೆ, ಬಿರಿಯಾನಿಯ ತುಪ್ಪ ಇನ್ನೂ ಬಾಕಿ. ನಿಮ್ಮ ಮನೆಯ ಲೆಕ್ಕ ಇದಕ್ಕಿಂತ ಕಡಿಮೆಯೂ ಬರಬಹುದು, ಹೆಚ್ಚೂ ಬರಬಹುದು. ಒಮ್ಮೆ ಅಳೆದು ನೋಡಿದ ಮನೆಯವರಿಗೆ ನಾನು ಮತ್ತೆ ಉಪದೇಶ ಮಾಡಬೇಕಾಗಿ ಬಂದಿಲ್ಲ.

ಸುಟ್ಟರೆ

ಇಫ್ತಾರ್‌ಗೆ ಹತ್ತು ನಿಮಿಷ ಇರುವಾಗ ಅಡುಗೆಮನೆಯಲ್ಲಿ ಅವಸರ, ಮಕ್ಕಳ ಓಡಾಟ. ಬಾಣಲೆಯ ಹಿಡಿಕೆ ಒಳಮುಖವಾಗಿರಲಿ, ನೆಲದ ಮೇಲೆ ಒಲೆ ಇಟ್ಟು ಕರಿಯುವವರು ಮಕ್ಕಳನ್ನು ಹೊರಗೆ ಕಳಿಸಿ. ಸಾಧ್ಯವಾದರೆ ಅಸರ್ ಹೊತ್ತಿಗೇ ಕರಿದು ಮುಗಿಸಿ.

ಬಿಸಿ ಎಣ್ಣೆ ಸಿಡಿದರೆ ಸುಟ್ಟ ಜಾಗವನ್ನು ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿ, 20 ನಿಮಿಷ. ಊದುವ ಮೊದಲೇ ಬಳೆ, ಉಂಗುರ ತೆಗೆಯಿರಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ. ಯುನಾನಿಯಲ್ಲಿ ಸುಟ್ಟ ಗಾಯಕ್ಕೆ ಮರ್ಹಮ್‌ಗಳಿವೆ, ಅವೂ ಆ ಹೊತ್ತಿಗೆ ಬೇಡ. ಶುಭ್ರ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಮುಖ, ಕೈ ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಸುಟ್ಟದ್ದು ಮಗುವಿಗಾದರೆ ಆಸ್ಪತ್ರೆಗೆ ಹೋಗಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಬೆಂಕಿ ಭುಗಿಲೆದ್ದು ಹಾರುತ್ತದೆ. ಒಲೆ ಆರಿಸಿ ದೊಡ್ಡ ತಟ್ಟೆ ಮುಚ್ಚಿ, ಬಾಣಲೆಯನ್ನು ಎತ್ತಿಕೊಂಡು ಓಡಬೇಡಿ.

ಯಾವಾಗ ತಿನ್ನಬೇಕು?

ಹದಿಮೂರು ಗಂಟೆ ಖಾಲಿ ಇದ್ದ ಹೊಟ್ಟೆಗೆ ಮೊದಲ ತುತ್ತೇ ವಡೆ ಬೇಡ. ಎಣ್ಣೆ ಪದಾರ್ಥ ಹೊಟ್ಟೆಯಿಂದ ಮುಂದೆ ಸಾಗುವುದು ನಿಧಾನ, ಅದರ ಮೇಲೆ ಗಟಗಟ ಶರಬತ್ತು ಸುರಿದರೆ ಆಮ್ಲ ಮೇಲಕ್ಕೆ ಬರುತ್ತದೆ. ಖರ್ಜೂರ, ನೀರು, ಒಂದು ಬಟ್ಟಲು ಗಂಜಿಯಿಂದ ಉಪವಾಸ ಬಿಡಿ, ಮಗ್ರಿಬ್ ನಮಾಝ್ ಮುಗಿಸಿ ಬನ್ನಿ. ಆಮೇಲೆ ಎರಡು ವಡೆ ಪುದೀನ ಚಟ್ನಿಯೊಂದಿಗೆ ನೆಮ್ಮದಿಯಾಗಿ ತಿನ್ನಿ. ತಿಂದ ಕೂಡಲೇ ಮಲಗಬೇಡಿ. ಪಿತ್ತಕೋಶದಲ್ಲಿ ಕಲ್ಲು ಇರುವವರು ಮಾತ್ರ ಕರಿದದ್ದನ್ನು ಪೂರ್ತಿ ಬಿಡುವುದು ಒಳ್ಳೆಯದು. ಕೊಬ್ಬು ಬಿದ್ದಾಗ ಪಿತ್ತಕೋಶ ಹಿಂಡಿಕೊಂಡು ಬಲ ಪಕ್ಕೆಲುಬಿನ ಕೆಳಗೆ ತೀವ್ರ ನೋವು ಬರುತ್ತದೆ.

ಮೊಸರು ವಡೆ ಮಾಡಿದರೆ ಇಫ್ತಾರ್‌ಗೆ ಸ್ವಲ್ಪ ಮೊದಲು ಮೊಸರು ಹಾಕಿ. ಮಧ್ಯಾಹ್ನವೇ ಮಾಡಿ ಬೇಸಿಗೆಯ ಸೆಕೆಯಲ್ಲಿ ಹೊರಗೆ ಇಡಬೇಡಿ. ಮಿಕ್ಕ ಹಿಟ್ಟನ್ನು ಫ್ರಿಜ್‌ನಲ್ಲಿಟ್ಟು ಮರುದಿನ ಮುಗಿಸಿ. ಕೆಟ್ಟ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ ಬೂದಿಯಲ್ಲಿ ಕಲಸಿ ಕಸಕ್ಕೆ ಹಾಕಿ.

ಕಡೆಯದಾಗಿ ಬಹಳ ಮುಖ್ಯವಾದದ್ದು. ಭಜಿ, ವಡೆ ತಿಂದ ರಾತ್ರಿ ಎದೆ ನೋವು ಬಂದರೆ ಎಲ್ಲರ ಬಾಯಲ್ಲೂ ಬರುವುದು ಗ್ಯಾಸ್ ಎಂಬ ಮಾತು. ಬಹಳ ಸಲ ಅದು ನಿಜವೂ ಹೌದು. ಆದರೆ ಎದೆಯ ನಡುವೆ ಒತ್ತಿದಂತಾಗಿ ನೋವು ಎಡಗೈಗೋ, ದವಡೆಗೋ, ಬೆನ್ನಿಗೋ ಹರಡಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಕಟ್ಟಿದರೆ ಅದನ್ನು ಗ್ಯಾಸ್ ಎಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಬೆವರು, ಸುಸ್ತು, ವಾಂತಿ ಕಾಣಿಸಬಹುದು. ಸೋಡಾ ಕುಡಿಸಿ ಮಲಗಿಸಬೇಡಿ, ಓಮಿನ ಕಷಾಯ ಕುದಿಸುತ್ತಾ ಕೂರಬೇಡಿ, ಬೆಳಗ್ಗೆ ನೋಡೋಣ ಎನ್ನಬೇಡಿ. ನನ್ನ ದವಾಖಾನೆಗೂ ಬರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ, ನಿಪ್ಪಾಣಿಯೋ ಚಿಕ್ಕೋಡಿಯೋ ಯಾವುದು ಬೇಗ ಸಿಗುತ್ತದೋ ಅಲ್ಲಿಗೆ.